ಕೋಲಾರದಂಥ ಜಿಲ್ಲೆಯಲ್ಲಿ ಬೇಸಾಯ ಆಧುನಿಕವಾಗಬೇಕಾದರೆ ಕೃಷಿ ಇಲಾಖೆಯಲ್ಲಿ ಏನು ಬದಲಾಗಬೇಕು?

ಹೊಸ ಹುದ್ದೆ ಸೃಷ್ಟಿಸುವ ಮೊದಲು ಇಲಾಖೆಗಳ ನಡುವಿನ ಗೋಡೆ ಬೀಳಬೇಕು ಅಂತ ನನ್ನ ಅಭಿಪ್ರಾಯ. ನಮ್ಮ ಕಡೆ ಒಬ್ಬನೇ ರೈತ ರಾಗಿ, ಟೊಮೆಟೊ, ಹಿಪ್ಪುನೇರಳೆ ಬೆಳೆದು ಎರಡು ಸೀಮೆಹಸುವನ್ನೂ ಕಟ್ಟಿರುತ್ತಾನೆ. ರಾಗಿಗೆ ಕೃಷಿ ಇಲಾಖೆ, ಟೊಮೆಟೊಗೆ ತೋಟಗಾರಿಕೆ, ಹಿಪ್ಪುನೇರಳೆಗೆ ರೇಷ್ಮೆ, ಹಸುವಿಗೆ ಪಶುಪಾಲನೆ. ಹನಿ ನೀರಾವರಿ ಸಹಾಯಧನಕ್ಕೂ ಬೆಳೆ ನೋಡಿ ಬೇರೆ ಕಚೇರಿ. ಬೋರ್‌ವೆಲ್ ಮಾತ್ರ ಒಂದೇ!

ಇವರನ್ನೆಲ್ಲ ಒಂದೆಡೆ ಕೂರಿಸಲೆಂದೇ 2005-06ರಲ್ಲಿ ಕೇಂದ್ರದ ‘ಆತ್ಮ’ (ಕೃಷಿ ತಂತ್ರಜ್ಞಾನ ನಿರ್ವಹಣಾ ಸಂಸ್ಥೆ) ಯೋಜನೆ ಬಂತು. ಆದರೆ ಅನುದಾನ, ಗುರಿ, ಬಡ್ತಿ ಎಲ್ಲ ಮಾತೃ ಇಲಾಖೆಯ ಕೈಯಲ್ಲೇ ಇದ್ದರೆ ಸಭೆ ನಡೆಯುತ್ತದೆ, ಕೆಲಸ ನಡೆಯುವುದಿಲ್ಲ.

ಬದಲಾವಣೆ ಹೋಬಳಿಯಿಂದ ಶುರುವಾಗಲಿ. ರೈತ ಸಂಪರ್ಕ ಕೇಂದ್ರಕ್ಕೆ ಜನ ಹೋಗುವುದು ಹೆಚ್ಚಾಗಿ ಬಿತ್ತನೆ ಬೀಜಕ್ಕೆ, ಟಾರ್ಪಾಲಿಗೆ. ಈ ವಿತರಣೆಯನ್ನು ಸಹಕಾರ ಸಂಘಗಳಿಗೆ ವಹಿಸಿದರೆ ಅಧಿಕಾರಿಗೆ ಹೊಲ ಸುತ್ತಲು ಬಿಡುವು ಸಿಗುತ್ತದೆ. ಈಗ ಟೊಮೆಟೊ ಎಲೆ ಮುದುಡಿದರೆ ರೈತ ಓಡುವುದು ಔಷಧಿ ಅಂಗಡಿಗೆ. ಅದು ಹೆಚ್ಚಾಗಿ ಬಿಳಿನೊಣ ಹರಡುವ ವೈರಸ್. ರೋಗ ಬಂದ ಗಿಡಕ್ಕೆ ಎಷ್ಟು ಹೊಡೆದರೂ ವಾಸಿಯಾಗದು. ಸಸಿಮಡಿಗೆ ಬಲೆ ಕಟ್ಟಿ, ತಡೆದುಕೊಳ್ಳುವ ತಳಿ ಹಾಕಿ ಅಂತ ಮಾರುವವನು ಹೇಳುತ್ತಾನೆಯೇ? ಕೋಲಾರದ ಪಕ್ಕದ ಟಮಕದಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಯೂ ಹೋಬಳಿ ಅಧಿಕಾರಿಯೂ ವಾರಕ್ಕೊಮ್ಮೆ ಜೊತೆಯಾಗಿ ತೋಟಕ್ಕೆ ಬರುವುದು ಕಡ್ಡಾಯವಾಗಬೇಕು.

ಅರ್ಜಿಗಳ ವಿಷಯ ಸುಲಭ. ರೈತರಿಗೆ ಫ್ರೂಟ್ಸ್ ಐಡಿ (ಜಮೀನಿನ ವಿವರ ಸೇರಿಸಿದ ಸರ್ಕಾರಿ ನೋಂದಣಿ ಸಂಖ್ಯೆ) ಮಾಡಿಸಿದ್ದಾರಲ್ಲ, ಪ್ರತಿ ಕಚೇರಿಯಲ್ಲೂ ಪಹಣಿ ಜೆರಾಕ್ಸ್ ಕೇಳುವುದನ್ನು ನಿಲ್ಲಿಸಿದರೆ ಸಾಕು.