ಚಾಳೀಸಿಗೆ ಕನ್ನಡಕ ಹಾಕಿದರೆ ಕಣ್ಣು ಇನ್ನೂ ಹಾಳಾಗುತ್ತಾ?

ನಿಮಗೆ 43 ವಯಸ್ಸು, ದೂರದ್ದು ಚೆನ್ನಾಗಿ ಕಾಣುತ್ತದೆ, ಮೊಬೈಲ್ ಮಾತ್ರ ಕೈ ಚಾಚಿ ಹಿಡಿದರೇ ಓದಲು ಆಗುತ್ತದೆ. ಈಗ ಕನ್ನಡಕ ಹಾಕಿಕೊಂಡರೆ ಅದೇ ಅಭ್ಯಾಸವಾಗಿ ಕಣ್ಣು ಇನ್ನೂ ಹಾಳಾಗುತ್ತಾ ಅಂತ ಕೇಳಿದ್ದೀರಿ. ಹಾಳಾಗುವುದಿಲ್ಲ. ಇದೇ ಭಯದಿಂದ ನಾನು ಎರಡು ವರ್ಷ ಸುಮ್ನೆ ತಲೆನೋವು ಅನುಭವಿಸಿದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನನಗೆ ಮೊದಲು ಗೊತ್ತಾಗಿದ್ದು ಒಂದು ರಾತ್ರಿ, ಮಗಳಿಗೆ ಜ್ವರ ಬಂದಾಗ. ಸಿರಪ್ ಬಾಟಲಿ ಮೇಲೆ ಎಷ್ಟು ಎಂಎಲ್ ಅಂತ ನೋಡಬೇಕಿತ್ತು. ಹತ್ತಿರ ತಂದರೆ ಅಕ್ಷರ ಕಲಸಿಹೋಗುತ್ತಿತ್ತು, ದೂರ ಹಿಡಿದರೆ ತೀರಾ ಚಿಕ್ಕದಾಗುತ್ತಿತ್ತು, 2.5 ಇದೆಯೋ 7.5 ಇದೆಯೋ ತಿಳಿಯದೆ ಕೈ ನಡುಗಿತು. ಕೊನೆಗೆ ಬಾತ್‌ರೂಮಿನ ಜೋರು ಲೈಟಿನ ಕೆಳಗೆ ಹೋಗಿ ನಿಂತರೆ ಸಲೀಸಾಗಿ ಓದಿಬಿಟ್ಟೆ. ಬೆಳಕು ಜಾಸ್ತಿ ಇದ್ದಾಗ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಆಗ ಮಸುಕು ಕಡಿಮೆಯಾಗುತ್ತದೆ. ಬೇಕಿದ್ದರೆ ಒಂದು ಕಾಗದಕ್ಕೆ ಪಿನ್ನಿನಿಂದ ತೂತು ಮಾಡಿ, ಕಣ್ಣಿಗೆ ಒತ್ತಾಗಿ ಹಿಡಿದು ಸಣ್ಣ ಅಕ್ಷರ ನೋಡಿ. ಕತ್ತಲಾಗಿ ಕಂಡರೂ ಅಂಚು ಸ್ಪಷ್ಟವಾಗಿರುತ್ತದೆ.

ಹಿರಿಯರು ಚಾಳೀಸು ಅಂತಿದ್ದರಲ್ಲ, ಅದು ಇದೇ. ಹೆಸರಲ್ಲೇ ನಲವತ್ತಿದೆ. ಡಾಕ್ಟರು ಪ್ರೆಸ್ಬಯೋಪಿಯಾ ಅನ್ನುತ್ತಾರೆ. ಕಣ್ಣಿನೊಳಗೆ ಒಂದು ಲೆನ್ಸ್ ಇದೆ. ಹತ್ತಿರದ್ದನ್ನು ನೋಡುವಾಗ ಅದರ ಸುತ್ತಲಿನ ಸ್ನಾಯು ಬಿಗಿಯಾಗಿ, ಲೆನ್ಸನ್ನು ಎಳೆದು ಹಿಡಿದಿರುವ ಎಳೆಗಳು ಸಡಿಲವಾಗಿ, ಲೆನ್ಸ್ ಉಬ್ಬುತ್ತದೆ. ಈ ಲೆನ್ಸ್ ಚಿಕ್ಕಂದಿನಿಂದಲೇ ನಿಧಾನಕ್ಕೆ ಗಡುಸಾಗುತ್ತಾ ಬರುತ್ತದೆ. ಫೋಕಸ್ ಮಾಡುವ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ: ಮಕ್ಕಳಲ್ಲಿ ಅದು 12ಕ್ಕೂ ಜಾಸ್ತಿ ಇರಬಹುದು, ನಲವತ್ತರ ಹೊತ್ತಿಗೆ 4 - 5, ಅರವತ್ತಕ್ಕೆ ಹೆಚ್ಚುಕಡಿಮೆ 1. 40 ಸೆಂಟಿಮೀಟರ್ ದೂರದಲ್ಲಿ ಪುಸ್ತಕ ಹಿಡಿದು ಓದಲು 2.5 ಬೇಕು. ಲೆಕ್ಕದಲ್ಲಿ ನಿಮಗೆ ಇನ್ನೂ ಸಾಕಾಗುವಷ್ಟಿದೆ, ಅಲ್ವಾ? ಆದರೆ ಇರುವ ಶಕ್ತಿಯನ್ನೆಲ್ಲ ಹಾಕಿ ಒಂದು ಭಾರ ಎತ್ತಬಹುದೇ ಹೊರತು ಅದನ್ನು ಹೊತ್ತುಕೊಂಡೇ ಗಂಟೆಗಟ್ಟಲೆ ನಿಲ್ಲಲು ಆಗುವುದಿಲ್ಲ. ಅದಕ್ಕೇ ಬೆಳಿಗ್ಗೆ ಓದಿದ್ದೇ ಅಕ್ಷರ ಸಂಜೆ ಮಸುಕಾಗುವುದು, ಮೊಬೈಲಿನಿಂದ ತಲೆ ಎತ್ತಿದಾಗ ಗೋಡೆ ಗಡಿಯಾರದ ಮುಳ್ಳು ಸ್ಪಷ್ಟವಾಗಲು ಒಂದೆರಡು ಕ್ಷಣ ಹಿಡಿಯುವುದು.

ಕನ್ನಡಕ ಹಾಕಿದ ಮೇಲೆ ನಂಬರ್ ಏರಿತು ಅಂತ ಎಲ್ಲರೂ ಹೇಳುತ್ತಾರೆ. ಏರುವುದು ನಿಜ. ಸಾಮಾನ್ಯವಾಗಿ ಪ್ಲಸ್ 1ರ ಆಸುಪಾಸಿನಲ್ಲಿ ಶುರುವಾಗಿ ಅರವತ್ತರ ಹೊತ್ತಿಗೆ ಪ್ಲಸ್ 2.5ರ ಹತ್ತಿರ ಬಂದು ನಿಲ್ಲುತ್ತದೆ. ಆದರೆ ಕನ್ನಡಕ ಹಾಕದಿದ್ದರೂ ಲೆನ್ಸ್ ಅಷ್ಟೇ ಗಡುಸಾಗುತ್ತಿತ್ತು. ಕಣ್ಣಿನ ವ್ಯಾಯಾಮವನ್ನೂ ನಾನು ಆರು ತಿಂಗಳು ನಿಷ್ಠೆಯಿಂದ ಮಾಡಿದೆ. ಗಡುಸಾದ ಲೆನ್ಸ್ ಅದರಿಂದ ಮೆತ್ತಗಾಗುವುದಿಲ್ಲ.

ಮೈನಸ್ ನಂಬರ್ ಇರುವವರ, ಅಂದರೆ ಹತ್ತಿರದ್ದು ಕಂಡು ದೂರದ್ದು ಮಸುಕಾಗುವವರ ಕಥೆ ಬೇರೆ. ನನ್ನ ತಮ್ಮನಿಗೆ ಮೈನಸ್ 3, ಅವನು ಓದುವಾಗ ಕನ್ನಡಕ ತೆಗೆದಿಡುತ್ತಾನೆ, ಅಷ್ಟೇ.

ಕಂಪ್ಯೂಟರ್ ಕೆಲಸದವರಾದರೆ ಪರೀಕ್ಷೆ ಮಾಡುವವರಿಗೆ ಅದನ್ನು ಮೊದಲೇ ಹೇಳಿ, ಸ್ಕ್ರೀನ್ ಎಷ್ಟು ದೂರದಲ್ಲಿದೆ ಅಂತ ಅಳೆದುಕೊಂಡೇ ಹೋಗಿ. ಪುಸ್ತಕಕ್ಕೆ ಕೊಟ್ಟ ನಂಬರ್ ಸ್ಕ್ರೀನಿಗೆ ಸರಿಹೋಗುವುದಿಲ್ಲ, ನಾನು ಇದನ್ನು ಹೇಳದೆ ಬಂದು ಕತ್ತು ಮುಂದೆ ಚಾಚಿ ಕೂತು ನೋವು ತಂದುಕೊಂಡೆ. ಈಗ ಪ್ರೋಗ್ರೆಸಿವ್ ಹಾಕುತ್ತೇನೆ, ಅಂದರೆ ಒಂದೇ ಲೆನ್ಸಿನಲ್ಲಿ ಮೇಲೆ ದೂರದ್ದು, ಕೆಳಗೆ ಹತ್ತಿರದ್ದು ಕಾಣುವ ಕನ್ನಡಕ. ಮೊದಲ ಹತ್ತು ದಿನ ಮೆಟ್ಟಿಲು ಇಳಿಯುವಾಗ ನೆಲ ತೇಲಿದ ಹಾಗಾಗುತ್ತಿತ್ತು, ಗಲ್ಲ ತಗ್ಗಿಸಿ ಲೆನ್ಸಿನ ಮೇಲ್ಭಾಗದಿಂದ ನೋಡುವುದು ರೂಢಿಯಾದ ಮೇಲೆ ಸರಿಹೋಯಿತು.

ಒಂದು ಮಾತು ಮಾತ್ರ ದಯವಿಟ್ಟು ಕೇಳಿ. ಅಂಗಡಿಯಲ್ಲಿ ರೆಡಿ ಕನ್ನಡಕ ಹಾಕಿ ನೋಡಿ, ಅಕ್ಷರ ಕಂಡಿತು ಅಂತ ಅಲ್ಲಿಗೇ ಬಿಡಬೇಡಿ, ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಗ್ಲಾಕೋಮಾ ಅನ್ನುವ, ಕಣ್ಣಿನ ನರ ಹಾಳಾಗುವ ಕಾಯಿಲೆ ಬಹಳ ಸಲ ನೋವಿಲ್ಲದೆ, ಸದ್ದಿಲ್ಲದೆ ಪಕ್ಕದ ನೋಟವನ್ನು ತಿನ್ನುತ್ತಾ ಬರುತ್ತದೆ, ಹೋದ ನೋಟ ಮತ್ತೆ ಬರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೂ ನೋಟ ಏರುಪೇರಾಗುತ್ತದೆ. ಇನ್ನು ಕಣ್ಣೆದುರು ಇದ್ದಕ್ಕಿದ್ದ ಹಾಗೆ ಕಪ್ಪು ಚುಕ್ಕೆಗಳು ಹಾರಿದರೆ, ಮಿಂಚು ಹೊಡೆದ ಹಾಗಾದರೆ, ಒಂದು ಕಡೆಯಿಂದ ಪರದೆ ಇಳಿದ ಹಾಗಾದರೆ, ನೇರ ಗೆರೆ ಸೊಟ್ಟಗೆ ಕಂಡರೆ ಅದು ಚಾಳೀಸು ಅಲ್ಲ. ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಪರೀಕ್ಷೆಗೆ ಹೋಗುವಾಗ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಪಾಪೆ ದೊಡ್ಡದಾಗಲು ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಇನ್ನೂ ಮಸುಕಾಗುತ್ತದೆ, ಬೆಳಕು ಚುಚ್ಚುತ್ತದೆ, ನೀವೇ ಗಾಡಿ ಓಡಿಸಿಕೊಂಡು ಬರುವುದು ಬೇಡ.