‘ಶಾಂಪೂ’ ಎಂಬ ಇಂಗ್ಲಿಷ್ ಕ್ರಿಯಾಪದದ ಮೂಲ ಅರ್ಥವೇನು?

ಇಂದು ತಲೆಗೂದಲು ತೊಳೆಯುವುದೆಂಬ ಅರ್ಥವಿದ್ದರೂ, ಮೊದಲಿಗೆ ಈ ಕ್ರಿಯಾಪದಕ್ಕೂ ಕೂದಲಿಗೂ ಸಂಬಂಧವೇ ಇರಲಿಲ್ಲ. ಹಿಂದಿಯ ‘ಚಾಂಪ್ನಾ’ ಎಂದರೆ ಒತ್ತುವುದು, ಅದುಮುವುದು. ಅದರ ವಿಧ್ಯರ್ಥಕ ರೂಪವಾದ ‘ಚಾಂಪೋ’ ಎಂಬುದೇ 18ನೆಯ ಶತಮಾನದಲ್ಲಿ ಇಂಗ್ಲಿಷರ ಬಾಯಲ್ಲಿ ‘ಶಾಂಪೂ’ ಆಗಿ, ಮೈಕೈ ನೀವುವುದು ಎಂಬ ಅರ್ಥದಲ್ಲಿ ಬಳಕೆಗೆ ಬಂದಿತು. ತಲೆಗೆ ಎಣ್ಣೆ ಹಚ್ಚಿ ತಟ್ಟುವ ‘ಚಂಪಿ’ಯೂ ಇದೇ ಬಳಗದ್ದು. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಅವರು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹಬೆಸ್ನಾನದ ಗೃಹವನ್ನು ನಡೆಸಿ, ದೊರೆ ನಾಲ್ಕನೆಯ ಜಾರ್ಜನ ‘ಶಾಂಪೂ ವೈದ್ಯ’ರೆನಿಸಿಕೊಂಡದ್ದು ಈ ಹಳೆಯ ಅರ್ಥದಲ್ಲಿಯೇ. ಅಲ್ಲಿ ಗಿರಾಕಿಯನ್ನು ಹಬೆ ತುಂಬಿದ ಫ್ಲಾನೆಲ್ ಗುಡಾರದೊಳಗೆ ಕೂರಿಸಿ, ಬಟ್ಟೆಯ ಸೀಳುಗಳಿಂದ ತೋಳು ತೂರಿಸಿ ಮೈ ನೀವುತ್ತಿದ್ದರು. ಕೂದಲು ತೊಳೆಯುವ ಅರ್ಥ ರೂಢಿಗೆ ಬಂದದ್ದು 19ನೆಯ ಶತಮಾನದಲ್ಲಿ. ಬಾಟಲಿಯಲ್ಲಿನ ದ್ರವಕ್ಕೆ ಆ ಹೆಸರು ಅಂಟಿಕೊಂಡದ್ದು ಆ ಬಳಿಕ.