26ನೇ ನಾರ್ತ್ ಕೆರೊಲಿನಾ ಮಾಡೋದಾದ್ರೆ ಜುಲೈ 1ರದ್ದೇ ಮಾಡಿ

ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನದ ಡಯೋರಾಮಾಗೆ (ಪುಟ್ಟ ಗೊಂಬೆ ಇಟ್ಟು ಮಾಡೋ ದೃಶ್ಯ) ಕಾನ್ಫೆಡರೇಟ್, ಅಂದ್ರೆ ದಕ್ಷಿಣದ ರಾಜ್ಯಗಳ ಕಡೆಯ, 26ನೇ ನಾರ್ತ್ ಕೆರೊಲಿನಾ ರೆಜಿಮೆಂಟ್ ಪೇಂಟ್ ಮಾಡ್ತಿದೀನಿ, ಎಷ್ಟು ಗೊಂಬೆ ಬೇಕು, ಬಾವುಟ ಯಾವ್ದು ಅಂತ ಕೇಳಿದ್ರಲ್ಲ, ನಾನು ಹೋದ್ ವರ್ಷ ಇದನ್ನೇ ಮಾಡೋಕ್ಹೋಗಿ ಕೆಡಿಸ್ಕೊಂಡವ್ನು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಮೊದ್ಲು ಯಾವ ದಿನ ಅನ್ನೋದನ್ನ ಫಿಕ್ಸ್ ಮಾಡ್ಕೊಳ್ಳಿ ಸಾರ್. ಎಲ್ರೂ ಪಿಕೆಟ್ಸ್ ಚಾರ್ಜ್ (ಕದನದ ಕೊನೇ ದಿನದ ಹೆಸರಾಂತ ದಾಳಿ) ಅಂತ ಜುಲೈ 3ನೇ ತಾರೀಕಿಗೇ ಓಡ್ತಾರೆ, ನಾನೂ ಓಡ್ದೆ, 40 ಗೊಂಬೆ ಸಾಲಾಗಿ ನಿಲ್ಲಿಸ್ಬಿಟ್ಟೆ, ಆಮೇಲೆ ಓದಿ ನೋಡಿದ್ರೆ ಅಷ್ಟೊತ್ತಿಗೆ ಅಷ್ಟು ಜನ ಉಳಿದೇ ಇರ್ಲಿಲ್ಲ! 1863 ಜುಲೈ 1ಕ್ಕೆ ಸುಮಾರು 800 ಜನ ವಿಲ್ಲೋಬಿ ರನ್ ಅನ್ನೋ ಹಳ್ಳ ದಾಟಿ ಕಾಡೊಳಗೆ ನುಗ್ಗಿದ್ರು, ಎದುರಿಗೆ ಉತ್ತರದವ್ರ ಸೈನ್ಯದ 24ನೇ ಮಿಷಿಗನ್ ರೆಜಿಮೆಂಟ್ ನಿಂತಿತ್ತು, ಸಂಜೆ ಹೊತ್ತಿಗೆ 26ನೇ ರೆಜಿಮೆಂಟಲ್ಲಿ ಸತ್ತೋರು ಗಾಯ ಆದೋರು ಸೇರಿ 550ಕ್ಕೂ ಮೇಲೆ. ಮಿಷಿಗನ್ನವ್ರೂ ಬಚಾವಾಗ್ಲಿಲ್ಲ, 496 ಜನರಲ್ಲಿ ಸತ್ತೋರು, ಗಾಯ ಆದೋರು, ಸೆರೆ ಸಿಕ್ಕೋರು ಸೇರಿ 363. ಒಂದು ಗೊಂಬೆಗೆ 20 ಜನ ಅಂತಿಟ್ರೆ 1ನೇ ತಾರೀಕಿಗೆ 40 ಬೇಕು, 3ನೇ ತಾರೀಕಿಗೆ 12 ಸಾಕು.

ಬಾವುಟ ಚೌಕಾಕಾರದ್ದೇ ಹಾಕಿ. ಆನ್‌ಲೈನಲ್ಲಿ ಸಿಗೋ ಉದ್ದದ್ದು ಈ ಪಡೆಗೆ ಸರಿ ಹೋಗಲ್ಲ. ಕಾಲಾಳು ಪಡೆಯದ್ದು ಸುಮಾರು 4 ಅಡಿ ಚೌಕ, 1/72 ಸ್ಕೇಲಿಗೆ 17 ಮಿಮೀ ಬರತ್ತೆ. ಅದನ್ನ ಆಫೀಸರ್ ಕೈಗೆ ಕೊಟ್ರೂ ತಪ್ಪಲ್ಲ, ಯಾಕಂದ್ರೆ ಹಿಡಿದೋರೆಲ್ಲ ಒಬ್ಬರ ಹಿಂದೊಬ್ರು ಬಿದ್ಮೇಲೆ ಕರ್ನಲ್ ಬರ್ಗ್ವಿನ್ ತಾನೇ ಹಿಡ್ಕೊಂಡ, ಇನ್ನೂ 21 ವರ್ಷ ಅಷ್ಟೆ, ಗುಂಡು ಬಿದ್ದು ಸತ್ತ. ಆಮೇಲೆ ಲೆಫ್ಟಿನೆಂಟ್ ಕರ್ನಲ್ ಲೇನ್ ಎತ್ಕೊಂಡ, ಅವನ ಕುತ್ತಿಗೆಗೆ ಗುಂಡು ಬಿತ್ತು, ಆದ್ರೂ ಬದುಕಿದ. ಹೊಡೆದ ಮಿಷಿಗನ್ ಸೈನಿಕನ್ನ 1903ರಲ್ಲಿ ಅದೇ ಜಾಗದಲ್ಲಿ ಭೇಟಿ ಮಾಡಿ ಕೈ ಕುಲುಕ್ದ, ನಂಗೆ ಈ ಕಥೆಲೆಲ್ಲಾ ಇದೇ ಇಷ್ಟ.

ಬಟ್ಟೆ ವಿಷ್ಯ: ನಾರ್ತ್ ಕೆರೊಲಿನಾ ರಾಜ್ಯ ಸರ್ಕಾರ ತನ್ನ ಸೈನಿಕರಿಗೆ ತಾನೇ ಯೂನಿಫಾರ್ಮ್ ಹೊಲಿಸಿ ಕೊಡ್ತಿತ್ತು, ಸೋ ಬೇಸ್ ಬೂದಿ ಬಣ್ಣನೇ, ಮೂರ್ನಾಕು ಶೇಡ್ ಕಲಸಿ, ಅಲ್ಲಲ್ಲಿ ಕಂದು ಪ್ಯಾಂಟು. ಅದೇ ರಾಜ್ಯದ ಸೇಲಂ ಊರಿನ ಮೊರಾವಿಯನ್ನರ (ಒಂದು ಕ್ರೈಸ್ತ ಪಂಗಡ) ಬ್ಯಾಂಡ್ ಇವರ ಜೊತೆಗಿತ್ತು, ಅದನ್ನ ಸಾಲಲ್ಲಿ ನಿಲ್ಲಿಸ್ಬೇಡಿ, ಹಿಂದೆ ಗಾಯಾಳುಗಳ ಹತ್ರ ಇಡಿ, ಅವ್ರು ಅಲ್ಲೇ ಕೆಲ್ಸ ಮಾಡಿದ್ದು.

ಇನ್ನೊಂದು, ಲೇಬಲ್ ಬರೆಯುವಾಗ ಗುಲಾಮಗಿರಿ ಉಳಿಸ್ಕೊಳ್ಳೋಕೆ ನಿಂತ ಸೈನ್ಯ ಇದು ಅಂತಾನೂ ಬರೀರಿ, ಬರೀ ಶೌರ್ಯ ಅಂತ ಬರೆದ್ರೆ ನೋಡೋ ಮಕ್ಕಳಿಗೆ ಅರ್ಧ ಕಥೆ ಹೇಳ್ದಂಗೆ.

ಹಳ್ಳಕ್ಕೆ ರೆಸಿನ್ (ಗಟ್ಟಿಯಾದ್ಮೇಲೆ ನೀರಿನ ಥರ ಕಾಣೋ ದ್ರವ) ತೆಳ್ಳಗೆ ಎರಡು ಸಲ ಸುರೀರಿ, ನಾನು ಮಳೆಗಾಲದಲ್ಲಿ ಒಂದೇ ಸಲಕ್ಕೆ ದಪ್ಪ ಸುರಿದೆ, ಇವತ್ತಿಗೂ ಮುಟ್ಟಿದ್ರೆ ಅಂಟತ್ತೆ.